ಭಿಕ್ಷಾಪಾತ್ರೆ ಹಿಡಿದು ಲಂಡನ್‌ಗೆ ಹೋದ ಕಾಡಿನ ಭಿಕ್ಷುಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಒಂದು ಧಾರ್ಮಿಕ ಪರಂಪರೆ ತಾನು ಹುಟ್ಟಿದ ನೆಲ ಬಿಟ್ಟು ಇನ್ನೊಂದು ದೇಶಕ್ಕೆ ಹೋಗುವಾಗ ತನ್ನ ಜೊತೆ ಏನನ್ನ ಒಯ್ಯುತ್ತೆ? ಏನನ್ನ ಬಿಟ್ಟು ಹೋಗುತ್ತೆ? ಇದನ್ನ ತೀರ್ಮಾನ ಮಾಡೋರು ಯಾರು?

ನಿಮ್ಮ ಫೋನಿನಲ್ಲಿ ಧ್ಯಾನದ ಆ್ಯಪ್ ಇದ್ದರೆ ಇದಕ್ಕೊಂದು ಉತ್ತರ ಅಲ್ಲೇ ಇದೆ. ಹತ್ತು ನಿಮಿಷ ಕಣ್ಣು ಮುಚ್ಚಿ, ಉಸಿರು ಗಮನಿಸಿ, ಮುಗೀತು. ಬುದ್ಧನ ಹೆಸರಿಲ್ಲ, ಕಾವಿ ಇಲ್ಲ, ನಿಯಮ ಇಲ್ಲ. ಆದರೆ ನಾನಿವತ್ತು ಹೇಳೋಕೆ ಹೊರಟಿರೋದು ಇದಕ್ಕೆ ತದ್ವಿರುದ್ಧವಾದ ಕಥೆ. ಥಾಯ್ಲೆಂಡಿನ ಬಡ ಮೂಲೆಯೊಂದರಿಂದ ಕೆಲವು ಭಿಕ್ಷುಗಳು 1977ರಲ್ಲಿ ಲಂಡನ್‌ಗೆ ಹೋದರು. ಅವರು ಒಯ್ದಿದ್ದು ಚೀವರ, ಒಂದು ಪಾತ್ರೆ ಮತ್ತು 227 ನಿಯಮಗಳು. ಒಂದನ್ನೂ ಬಿಡಲಿಲ್ಲ. ಆ ಹಟದಿಂದಲೇ ಅವರು ಅಲ್ಲಿ ಬೇರು ಬಿಟ್ಟರು. ಮೂವತ್ತು ವರ್ಷ ಆದಮೇಲೆ ಅದೇ ಹಟದಿಂದ ಪರಂಪರೆ ಒಡೆದೂ ಹೋಯಿತು.

ಮೊದಲು ಹೋಗಿದ್ದು ಪುಸ್ತಕ

ಪಶ್ಚಿಮಕ್ಕೆ ಬುದ್ಧ ಮೊದಲು ಹೋಗಿದ್ದು ಕಾಗದದ ಮೇಲೆ. 1879ರಲ್ಲಿ ಎಡ್ವಿನ್ ಆರ್ನಾಲ್ಡ್ ಬರೆದ ‘ದಿ ಲೈಟ್ ಆಫ್ ಏಷ್ಯಾ’ ಅನ್ನೋ ಕಾವ್ಯ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮನೆಮಾತಾಯಿತು. 1881ರಲ್ಲಿ ರೀಸ್ ಡೇವಿಡ್ಸ್ ಅನ್ನೋ ವಿದ್ವಾಂಸರು ಪಾಲಿ ಟೆಕ್ಸ್ಟ್ ಸೊಸೈಟಿ ಕಟ್ಟಿದರು. ಶ್ರೀಲಂಕಾದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದಾಗ ಪಾಲಿ ಕಲಿತವರು ಅವರು. ತಾಳೆಗರಿಯಲ್ಲಿದ್ದ ಬೌದ್ಧ ಗ್ರಂಥಗಳು ಒಂದೊಂದಾಗಿ ಅಚ್ಚಾದವು.

ಪುಸ್ತಕಕ್ಕೆ ಊಟ ಬೇಡ, ಬಾಡಿಗೆ ಬೇಡ. ಕಪಾಟಿನಲ್ಲಿ ಇಟ್ಟರೆ ಇರುತ್ತೆ. ಆದರೆ ಭಿಕ್ಷು?

1908ರಲ್ಲಿ ಒಬ್ಬರು ಪ್ರಯತ್ನ ಮಾಡಿದರು. ಹೆಸರು ಅಲನ್ ಬೆನೆಟ್. ಲಂಡನ್ನಿನವರೇ. ಬರ್ಮಾಕ್ಕೆ ಹೋಗಿ ದೀಕ್ಷೆ ತಗೊಂಡು ಆನಂದ ಮೆತ್ತೇಯ್ಯ ಆಗಿ ಧರ್ಮಪ್ರಚಾರಕ್ಕೆ ಅಂತ ತಮ್ಮೂರಿಗೇ ವಾಪಸ್ ಬಂದರು. ಬಂದ ಮೇಲೆ ಗೊತ್ತಾಯಿತು, ಲಂಡನ್ ಅನ್ನೋ ಊರು ಭಿಕ್ಷುವಿಗೆ ಅಂತ ಮಾಡಿದ್ದಲ್ಲ. ಅವರು ದುಡ್ಡು ಮುಟ್ಟೋ ಹಾಗಿಲ್ಲ. ಮಧ್ಯಾಹ್ನದ ಮೇಲೆ ಊಟ ಮಾಡೋ ಹಾಗಿಲ್ಲ. ಹೆಂಗಸರಿರೋ ಮನೆಯಲ್ಲಿ ಮಲಗೋ ಹಾಗಿಲ್ಲ. ಬೀದಿಗೆ ಇಳಿದರೆ ಹಳದಿ ಬಟ್ಟೆ ನೋಡಿ ಜನ ಸೇರೋರು. ಸುಮಾರು ಆರು ತಿಂಗಳಿಗೆ ಬರ್ಮಾಕ್ಕೆ ಹಿಂದಿರುಗಿದರು. 1914ರಲ್ಲಿ ಅನಾರೋಗ್ಯದಿಂದ ಚೀವರವನ್ನೂ ಬಿಟ್ಟರು.

ಆಮೇಲೂ ಭಿಕ್ಷುಗಳು ಬಂದರು. ಅನಾಗಾರಿಕ ಧರ್ಮಪಾಲ 1926ರಲ್ಲಿ ಲಂಡನ್ ಬುದ್ಧಿಸ್ಟ್ ವಿಹಾರ ಕಟ್ಟಿದರು, ಅಲ್ಲಿ ಶ್ರೀಲಂಕಾದ ಭಿಕ್ಷುಗಳು ನೆಲೆಸಿದರು. ಥಾಯ್ ಜನರ ದೇವಾಲಯವೂ ಬಂತು. ಇಂಗ್ಲಿಷರೇ ಚೀವರ ತೊಟ್ಟು ಇಂಗ್ಲೆಂಡಿನಲ್ಲೇ ಬಾಳುವ ಸಂಘ ಬೇಕು ಅಂತ 1956ರಲ್ಲಿ ಇಂಗ್ಲಿಷ್ ಸಂಘ ಟ್ರಸ್ಟ್ ಹುಟ್ಟಿತು. ಆದರೆ ಬಂದವರು ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ಹೋಯಿತು.

ಕಾಡಿನ ಗುರು, ನೌಕಾಪಡೆಯ ಶಿಷ್ಯ

ಈಗ ಥಾಯ್ಲೆಂಡಿಗೆ ಹೋಗೋಣ. ದೇಶದ ಈಶಾನ್ಯ ಭಾಗಕ್ಕೆ ಇಸಾನ್ ಅಂತಾರೆ. ಒಣ ನೆಲ, ಬಡ ರೈತರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಜಾನ್ ಮುನ್ ಅನ್ನೋ ಭಿಕ್ಷು ಊರಿನ ದೇವಾಲಯ ಬಿಟ್ಟು ಕಾಡು ಸೇರಿದರು. ಓದು, ಪರೀಕ್ಷೆ, ಪದವಿಗಿಂತ ಬುದ್ಧನ ಕಾಲದ ಶಿಸ್ತು ಮತ್ತು ಧ್ಯಾನ ಮುಖ್ಯ ಅನ್ನೋದು ಅವರ ದಾರಿ. ಅಂದಹಾಗೆ ಅಜಾನ್ ಅನ್ನೋದು ಹೆಸರಲ್ಲ, ನಮ್ಮ ‘ಆಚಾರ್ಯ’ ಪದವೇ ಥಾಯ್ ಬಾಯಲ್ಲಿ ಹಾಗಾಗಿದೆ.

ಇದೇ ದಾರಿಯಲ್ಲಿ ನಡೆದವರು ಅಜಾನ್ ಚಾ. 1918ರಲ್ಲಿ ಉಬೊನ್ ಪ್ರಾಂತ್ಯದಲ್ಲಿ ಹುಟ್ಟಿದ ರೈತರ ಮಗ. ವರ್ಷಗಟ್ಟಲೆ ಅಲೆದಾಡಿ 1954ರಲ್ಲಿ ತಮ್ಮ ಹಳ್ಳಿಯ ಹತ್ತಿರದ ಕಾಡಿನಲ್ಲಿ ವಾಟ್ ನಾಂಗ್ ಪಾ ಪಾಂಗ್ ಅನ್ನೋ ಆಶ್ರಮ ಕಟ್ಟಿದರು.

1967ರಲ್ಲಿ ಅಲ್ಲಿಗೊಬ್ಬ ಅಮೆರಿಕನ್ ಬಂದರು. ರಾಬರ್ಟ್ ಜ್ಯಾಕ್‌ಮನ್, ಸಿಯಾಟಲ್‌ನವರು. ನೌಕಾಪಡೆಯಲ್ಲಿ ಕೆಲಸ ಮಾಡಿ, ಬರ್ಕ್ಲಿಯಲ್ಲಿ ಎಂ.ಎ. ಮುಗಿಸಿ, ಪೀಸ್ ಕೋರ್‌ನಿಂದ ಬೋರ್ನಿಯೋದಲ್ಲಿ ಇಂಗ್ಲಿಷ್ ಪಾಠ ಹೇಳಿ, ಆಮೇಲೆ ಥಾಯ್ಲೆಂಡಿನಲ್ಲಿ ದೀಕ್ಷೆ ತಗೊಂಡಿದ್ದರು. ಸಂಘದಲ್ಲಿ ಅವರ ಹೆಸರು ಸುಮೇಧೋ. ಕಾಲ ಯಾವುದು ನೋಡಿ. ಪಕ್ಕದಲ್ಲೇ ವಿಯೆಟ್ನಾಂ ಯುದ್ಧ. ಅದೇ ಉಬೊನ್ ಪಟ್ಟಣದ ವಿಮಾನ ನೆಲೆಯಿಂದ ಅಮೆರಿಕದ ಯುದ್ಧ ವಿಮಾನಗಳು ಹಾರ್ತಾ ಇದ್ದವು. ಅದೇ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಇನ್ನೊಬ್ಬ ಅಮೆರಿಕನ್ ಬರಿಗಾಲಲ್ಲಿ ಪಾತ್ರೆ ಹಿಡಿದು, ತನಗಿಂತ ಎಷ್ಟೋ ಬಡವರಾದ ರೈತರ ಮುಂದೆ ನಿಂತು ಅನ್ನ ಹಾಕಿಸಿಕೊಳ್ತಾ ಇದ್ದ.

ಸುಮೇಧೋ ಹಿಂದೆಯೇ ಇನ್ನಷ್ಟು ವಿದೇಶಿಯರು ಬಂದರು. 1975ರಲ್ಲಿ ಅವರಿಗಾಗಿಯೇ ಬುಂಗ್ ವಾಯ್ ಹಳ್ಳಿಯ ಸ್ಮಶಾನದ ಕಾಡಿನಲ್ಲಿ ಹೊಸ ಆಶ್ರಮ ಆಯಿತು. ಹೆಸರು ವಾಟ್ ಪಾ ನಾನಾಚಾಟ್. ‘ನಾನಾಚಾಟ್’ ಅಂದರೆ ಅಂತರರಾಷ್ಟ್ರೀಯ ಅಂತ ಅರ್ಥ. ಮೂಲ ಪದ ಕೇಳಿದರೆ ನಗು ಬರುತ್ತೆ: ನಾನಾ ಜಾತಿ! ಸುಮೇಧೋ ಅವರೇ ಅದರ ಮುಖ್ಯಸ್ಥರಾದರು.

ಬುತ್ತಿ ಕಟ್ಟಿಕೊಳ್ಳದವರು

ಲಂಡನ್ನಿಗೆ ಹೋಗೋ ಮೊದಲು ಆ ನಿಯಮಗಳ ಬಗ್ಗೆ ಸ್ವಲ್ಪ ಹೇಳ್ತೀನಿ. ಇದು ಗೊತ್ತಾಗದಿದ್ದರೆ ಮುಂದಿನದು ಅರ್ಥ ಆಗಲ್ಲ.

ಥೇರವಾದ ಭಿಕ್ಷು ದುಡ್ಡು ಮುಟ್ಟಬಾರದು. ಅಡುಗೆ ಮಾಡಿಕೊಳ್ಳಬಾರದು. ಇವತ್ತಿನ ಊಟ ನಾಳೆಗೆ ಎತ್ತಿಡಬಾರದು. ಮಧ್ಯಾಹ್ನ ಆದಮೇಲೆ ಉಣ್ಣಬಾರದು. ಗಿಡ ಕೀಳಬಾರದು, ಹಾಗಾಗಿ ಹಿತ್ತಲಲ್ಲಿ ಸೇಬು ತೂಗಾಡ್ತಾ ಇದ್ದರೂ ಕಿತ್ತು ತಿನ್ನೋ ಹಾಗಿಲ್ಲ. ಯಾರಾದರೂ ಕೈಗೆ ಕೊಟ್ಟರೆ, ಪಾತ್ರೆಗೆ ಹಾಕಿದರೆ ಊಟ. ಇಲ್ಲದಿದ್ದರೆ ಉಪವಾಸ. ‘ಹಾಕಿ ತಾಯಿ’ ಅಂತ ಕೇಳೋಹಾಗೂ ಇಲ್ಲ. ಸುಮ್ಮನೆ ನಿಲ್ಲಬೇಕು, ಅಷ್ಟೆ.

ಭಿಕ್ಷೆ ನಮಗೇನೂ ಹೊಸದಲ್ಲ. ಮನೆ ಮುಂದೆ ಬಂದು ನಿಂತವರಿಗೆ ಮೊರದಲ್ಲಿ ಅಕ್ಕಿ ತಂದು ಹಾಕಿದ ಅಜ್ಜಿಯರು ನಮ್ಮಲ್ಲೂ ಇದ್ದಾರೆ. ಆದರೆ ಇಲ್ಲಿ ಭಿಕ್ಷೆ ಬರೀ ಹೊಟ್ಟೆಪಾಡು ಅಲ್ಲ. ಭಿಕ್ಷು ಪ್ರತಿದಿನ ಜನರ ಕಣ್ಣಿಗೆ ಬೀಳಲೇಬೇಕು. ಜನರಿಗೆ ಅವನು ಬೇಡವಾದ ದಿನ ಆಶ್ರಮ ಮುಚ್ಚುತ್ತೆ. ಎಷ್ಟೇ ದೊಡ್ಡ ಗುರು ಆಗಲಿ, ಬೆಳಗಿನ ಊಟಕ್ಕೆ ಯಾರದೋ ದಯೆ ಬೇಕು. ನಿಯಮವೇ ಅವನನ್ನ ಸಮಾಜಕ್ಕೆ ಕಟ್ಟಿಹಾಕಿದೆ.

ಇಸಾನ್‌ನ ಹಳ್ಳಿಯಲ್ಲಿ ಇದು ನಡೆಯುತ್ತೆ, ಅಲ್ಲಿ ಬೆಳಗ್ಗೆ ಎದ್ದು ಅನ್ನ ಬೇಯಿಸಿ ಕಾಯೋ ಜನ ಇದ್ದಾರೆ. ಪಾತ್ರೆ ಯಾಕೆ ಅನ್ನೋದೇ ಗೊತ್ತಿಲ್ಲದ ಊರಲ್ಲಿ?

ಪಾರ್ಕಿನಲ್ಲಿ ಸಿಕ್ಕ ಕಾಡು

1976ರಲ್ಲಿ ಸುಮೇಧೋ ತಂದೆ-ತಾಯಿಯನ್ನ ನೋಡಲು ಅಮೆರಿಕಕ್ಕೆ ಹೊರಟವರು ದಾರಿಯಲ್ಲಿ ಲಂಡನ್ನಿನಲ್ಲಿ ಇಳಿದರು. ಇಂಗ್ಲಿಷ್ ಸಂಘ ಟ್ರಸ್ಟಿನವರಿಗೆ ಇಂಥವರೇ ಬೇಕಿತ್ತು. ಥಾಯ್ಲೆಂಡಿಗೇ ಹೋಗಿ ಅಜಾನ್ ಚಾ ಅವರನ್ನ ಆಹ್ವಾನಿಸಿದರು. 1977ರಲ್ಲಿ ಅಜಾನ್ ಚಾ ಸ್ವತಃ ಬಂದು ನೋಡಿದರು. ಹ್ಯಾಂಪ್‌ಸ್ಟೆಡ್‌ನಲ್ಲಿ ಟ್ರಾಫಿಕ್ ಗದ್ದಲದ ರಸ್ತೆ ಬದಿಯ ಇಕ್ಕಟ್ಟು ಮನೆ. ಎದುರಿಗೆ ಪಬ್ಬು. ಕಾಡಿನ ಭಿಕ್ಷುಗಳಿಗೆ ಇದಕ್ಕಿಂತ ತಮಾಷೆಯ ಜಾಗ ಇನ್ನೆಲ್ಲಿ?

ಅಜಾನ್ ಚಾ ವಾಪಸ್ ಹೋಗುವಾಗ ಸುಮೇಧೋ ಮತ್ತು ಇನ್ನು ಕೆಲವು ಭಿಕ್ಷುಗಳನ್ನ ಅಲ್ಲೇ ಬಿಟ್ಟರು. ಒಂದು ಸೂಚನೆಯನ್ನೂ ಕೊಟ್ಟರು: ದಿನಾ ಬೆಳಗ್ಗೆ ಭಿಕ್ಷೆಗೆ ಹೋಗಿ. ಊಟ ಸಿಗುತ್ತೆ ಅಂತಲ್ಲ. ಊಟ ಹೇಗೋ ಮನೆಗೇ ಬರ್ತಾ ಇತ್ತು, ಭಕ್ತರು ತಂದುಕೊಡ್ತಾ ಇದ್ದರು. ಆದರೂ ಪಾತ್ರೆ ಹಿಡಿದು ಹೊರಡಿ ಅಂದರು.

ಯೋಚನೆ ಮಾಡಿ. ಲಂಡನ್ನಿನ ಚಳಿ. ತಲೆ ಬೋಳಿಸಿದ ಬಿಳಿಯರು, ಕಂದು ಬಣ್ಣದ ಚೀವರ, ಸಾಲಾಗಿ ಮೌನವಾಗಿ ನಡೆಯೋದು. ಪಾತ್ರೆಗೆ ಏನೂ ಬೀಳಲ್ಲ. ನಾಳೆ ಮತ್ತೆ ಅದೇ.

1978ರಲ್ಲಿ ಒಂದು ಬೆಳಗ್ಗೆ ಹ್ಯಾಂಪ್‌ಸ್ಟೆಡ್ ಹೀತ್ ಅನ್ನೋ ದೊಡ್ಡ ಬಯಲಿನಲ್ಲಿ ಜಾಗಿಂಗ್ ಮಾಡ್ತಾ ಇದ್ದ ಒಬ್ಬರು ಇವರನ್ನ ನೋಡಿ ನಿಂತರು, ಮಾತಾಡಿಸಿದರು. ಅವರು ಬೌದ್ಧರಲ್ಲ. ಆದರೆ ಅವರ ಹತ್ತಿರ ವೆಸ್ಟ್ ಸಸೆಕ್ಸ್‌ನಲ್ಲಿ ನೂರಕ್ಕೂ ಹೆಚ್ಚು ಎಕರೆ ಕಾಡು ಇತ್ತು. ಹ್ಯಾಮರ್ ವುಡ್ ಅಂತ. ಪಾಳು ಬಿದ್ದಿದ್ದ ಆ ಕಾಡನ್ನ ಮತ್ತೆ ಮೊದಲಿನ ಹಾಗೆ ಮಾಡಬೇಕು ಅನ್ನೋ ಆಸೆ ಅವರದು, ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ. ಪರಿಚಯ ಬೆಳೆಯಿತು, ಅವರೊಂದು ಧ್ಯಾನ ಶಿಬಿರಕ್ಕೂ ಹೋಗಿ ಬಂದರು. ಕೊನೆಗೆ ಆ ಕಾಡನ್ನೇ ಸಂಘಕ್ಕೆ ಕೊಟ್ಟುಬಿಟ್ಟರು.

ತಿಂಗಳುಗಟ್ಟಲೆ ಖಾಲಿ ಬರ್ತಾ ಇದ್ದ ಪಾತ್ರೆಗೆ ಒಂದು ದಿನ ಇಡೀ ಕಾಡೇ ಬಿತ್ತು. ಇದನ್ನ ಪವಾಡ ಅಂತ ನಾನು ಹೇಳಲ್ಲ. ಕಣ್ಣಿಗೆ ಬೀಳಬೇಕು ಅನ್ನೋ ಹಳೇ ನಿಯಮ ತನ್ನ ಕೆಲಸ ಮಾಡಿತು. ಅವರು ಮನೆಯೊಳಗೇ ಕೂತಿದ್ದರೆ ಆ ಜಾಗಿಂಗ್ ಮಾಡೋ ಮನುಷ್ಯ ಸಿಗ್ತಾನೇ ಇರಲಿಲ್ಲ.

ಕಾಡಿನಲ್ಲಿ ಕಟ್ಟಡ ಕಟ್ಟೋ ಹಾಗಿರಲಿಲ್ಲ. ಟ್ರಸ್ಟಿನವರು ಪಕ್ಕದ ಚಿಟ್‌ಹರ್ಸ್ಟ್ ಅನ್ನೋ ಹಳ್ಳಿಯ ಹಳೇ ಬಂಗಲೆ ಕೊಂಡರು. 1979ರ ಜೂನ್‌ನಲ್ಲಿ ಭಿಕ್ಷುಗಳು ಅಲ್ಲಿಗೆ ಹೋದರು. ಚಾವಣಿ ಸೋರ್ತಾ ಇತ್ತು, ಮರದ ನೆಲ ಕೊಳೆತಿತ್ತು, ಅಂಗಳದ ತುಂಬ ಗುಜರಿ ಕಾರು. ರಿಪೇರಿಗೆ ವರ್ಷಗಳೇ ಹಿಡಿದವು. ‘ಇವರ್ಯಾರೋ ಏನೋ’ ಅಂತ ಊರಿನವರಿಗೆ ಅನುಮಾನ. 1981ರಲ್ಲಿ ಸ್ಥಳೀಯ ಆಡಳಿತ ಆಶ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಅಲ್ಲೇ ದೀಕ್ಷೆ ಕೊಡುವ ಅಧಿಕಾರ ಸುಮೇಧೋ ಅವರಿಗೆ ಸಿಕ್ಕಿತು. ಅಲ್ಲಿಗೆ ಒಂದು ದೊಡ್ಡ ಗಡಿ ದಾಟಿದ ಹಾಗಾಯಿತು. ಇಂಗ್ಲೆಂಡಿನ ಹುಡುಗ ಭಿಕ್ಷು ಆಗಬೇಕಾದರೆ ಇನ್ನು ಏಷ್ಯಾಕ್ಕೆ ಹೋಗಬೇಕಾಗಿರಲಿಲ್ಲ.

ಆಶ್ರಮದ ಹೆಸರು ಚಿತ್ತವಿವೇಕ. 1984ರಲ್ಲಿ ಹರ್ಟ್‌ಫರ್ಡ್‌ಶೈರ್‌ನಲ್ಲಿ ಹಳೇ ಶಾಲೆಯೊಂದರ ಕಟ್ಟಡದಲ್ಲಿ ಅಮರಾವತಿ ಶುರುವಾಯಿತು. ಆಸ್ಟ್ರೇಲಿಯಾದ ಪರ್ತ್ ಹತ್ತಿರ ಬೋಧಿಞಾಣ, 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಭಯಗಿರಿ. ಅಭಯಗಿರಿಯ ಜಾಗ ಕೊಟ್ಟವರು ಚೀನಾದ ಮಹಾಯಾನ ಗುರು ಶ್ವಾನ್ ಹುವಾ. ಪಂಥ ಬೇರೆ, ಆದರೂ ಸುಮಾರು 120 ಎಕರೆ ಕೊಟ್ಟರು.

ಈ ಕಥೆ ಹೇಳುವಾಗ ಒಂದು ವಿಷಯ ಬಿಟ್ಟುಹೋಗುತ್ತೆ. ಬಿಳಿ ಭಿಕ್ಷುಗಳ ಫೋಟೋ ಎಲ್ಲ ಕಡೆ ಬರುತ್ತೆ. ಆದರೆ ಅವರ ಪಾತ್ರೆ ತುಂಬಿಸಿದವರಲ್ಲಿ ದೊಡ್ಡ ಪಾಲು ಇಂಗ್ಲೆಂಡಿಗೆ ವಲಸೆ ಬಂದ ಥಾಯ್ ಮತ್ತು ಶ್ರೀಲಂಕಾ ಕುಟುಂಬಗಳದು. ರಜಾ ದಿನ ಅಡುಗೆ ಮಾಡಿ, ಡಬ್ಬಿ ಕಟ್ಟಿ, ದೂರದಿಂದ ತಂದು ಬಡಿಸಿದ ಹೆಂಗಸರು ಇಲ್ಲದಿದ್ದರೆ ಈ ಆಶ್ರಮಗಳು ನಿಲ್ಲೋದು ಕಷ್ಟ ಇತ್ತು. ‘ಪಶ್ಚಿಮಕ್ಕೆ ಬೌದ್ಧ ಧರ್ಮ ಹೋಯಿತು’ ಅನ್ನುವಾಗ ಅದನ್ನ ಹೊತ್ತುಕೊಂಡು ಹೋದವರಲ್ಲಿ ಇವರೂ ಇದ್ದಾರೆ.

ಅದೇ ಗುರು, ಇನ್ನೊಂದು ದಾರಿ

1979ರಲ್ಲೇ ಅಟ್ಲಾಂಟಿಕ್ ಆಚೆ ಇನ್ನೊಂದು ಘಟನೆ ನಡೆಯಿತು. ಅಜಾನ್ ಚಾ ಹತ್ತಿರ ಭಿಕ್ಷುವಾಗಿದ್ದ ಇನ್ನೊಬ್ಬ ಅಮೆರಿಕನ್ ಜ್ಯಾಕ್ ಕಾರ್ನ್‌ಫೀಲ್ಡ್. ಇವರು ಚೀವರ ಬಿಟ್ಟು ಊರಿಗೆ ಮರಳಿದರು. 1975ರಲ್ಲಿ ಗೆಳೆಯರ ಜೊತೆ ಸೇರಿ ಮ್ಯಾಸಚೂಸೆಟ್ಸ್‌ನಲ್ಲಿ ಇನ್‌ಸೈಟ್ ಮೆಡಿಟೇಶನ್ ಸೊಸೈಟಿ ಕಟ್ಟಿದರು. ಗೃಹಸ್ಥರೇ ಗುರುಗಳು, ಗೃಹಸ್ಥರೇ ಶಿಷ್ಯರು. ಅಲ್ಲಿನ ಧ್ಯಾನ ಪದ್ಧತಿ ಹೆಚ್ಚಾಗಿ ಬರ್ಮಾದ ಮಹಾಸಿ ಸಯಾಡೊ ಅವರದು. ಅಲ್ಲಿ ಶಿಬಿರಕ್ಕೆ ಕೂತವರಲ್ಲಿ ಜಾನ್ ಕಬಟ್-ಜಿನ್ ಒಬ್ಬರು. ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದೀರ್ಘಕಾಲದ ನೋವಿನಿಂದ ನರಳೋರಿಗೆ ಒಂದು ಕೋರ್ಸ್ ಶುರು ಮಾಡಿದರು. ಧರ್ಮದ ಮಾತಿಲ್ಲ, ‘ಮೈಂಡ್‌ಫುಲ್‌ನೆಸ್’ ಅಷ್ಟೆ. ಇವತ್ತು ಫೋನಿನಲ್ಲಿರೋ ಆ್ಯಪ್‌ಗಳಿಗೆ ದಾರಿ ಮಾಡಿಕೊಟ್ಟಿದ್ದು ಬಹುಮಟ್ಟಿಗೆ ಇದೇ.

ಒಂದೇ ವರ್ಷ, ಎರಡು ಬಾಗಿಲು. ಒಂದು ಕಡೆ ಎಲ್ಲವನ್ನೂ ಬಿಚ್ಚಿಟ್ಟು ಧ್ಯಾನ ಮಾತ್ರ ಒಳಗೆ ಹೋಯಿತು. ಇನ್ನೊಂದು ಕಡೆ ಪಾತ್ರೆ, ಚೀವರ, ನಿಯಮ ಎಲ್ಲ ಹೊತ್ತುಕೊಂಡೇ ಹೋಯಿತು. ಮೊದಲನೆಯದು ಲಕ್ಷಾಂತರ ಜನರಿಗೆ ತಲುಪಿತು, ನೋವಿನಲ್ಲಿರೋರಿಗೆ ಉಪಕಾರ ಮಾಡಿತು. ಅದನ್ನ ಹಗುರ ಮಾಡಿ ಮಾತಾಡೋದು ಸರಿಯಲ್ಲ. ಆದರೆ ಅಲ್ಲಿ ಬಹುಪಾಲು ನೀವು ಗ್ರಾಹಕರು, ಸಬ್‌ಸ್ಕ್ರಿಪ್ಶನ್ ಕಟ್ತೀರಿ. ಅಮರಾವತಿಯಲ್ಲಿ ಹತ್ತು ದಿನ ಶಿಬಿರಕ್ಕೆ ಕೂತರೂ ಫೀಸ್ ಅಂತ ಇಲ್ಲ, ಕೊಡಬೇಕು ಅನ್ನಿಸಿದರೆ ಕೊಡಬಹುದು. ಕಲಿಸೋರು ಕಲಿಯೋರ ದಯೆಯಲ್ಲಿ ಬದುಕ್ತಾರೆ. ಆ ಸಂಬಂಧವೇ ಬೇರೆ.

ಹೆಣ್ಣುಮಕ್ಕಳು ಕೇಳಿದ ಪ್ರಶ್ನೆ

ಇಲ್ಲಿಗೆ ನಿಲ್ಲಿಸಿದ್ದರೆ ಇದು ‘ನಿಯಮ ಪಾಲಿಸಿದರು, ಗೆದ್ದರು’ ಅನ್ನೋ ಕಥೆ ಆಗ್ತಿತ್ತು. ಆದರೆ ಕಥೆ ಇನ್ನೂ ಇದೆ.

1979ರಲ್ಲಿ ಚಿಟ್‌ಹರ್ಸ್ಟ್‌ನಲ್ಲಿ ನಾಲ್ವರು ಮಹಿಳೆಯರು ಬಿಳಿ ಬಟ್ಟೆ ಉಟ್ಟು ಎಂಟು ಶೀಲ ತಗೊಂಡರು. ಅವರೂ ಪೂರ್ತಿ ಸನ್ಯಾಸ ಬೇಕು ಅಂತ ಬಂದವರು. ಆದರೆ ಥೇರವಾದದಲ್ಲಿ ಭಿಕ್ಷುಣಿಯರ ಪರಂಪರೆ ಸುಮಾರು ಸಾವಿರ ವರ್ಷದ ಹಿಂದೆಯೇ ಕಡಿದುಹೋಗಿದೆ ಅನ್ನೋದು ವಾದ. ಭಿಕ್ಷುಣಿ ಆಗೋಕೆ ಭಿಕ್ಷುಣಿಯರೇ ದೀಕ್ಷೆ ಕೊಡಬೇಕು, ಕೊಡೋರೇ ಇಲ್ಲ. ಸಾಲದ್ದಕ್ಕೆ ಥಾಯ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡಬಾರದು ಅಂತ 1928ರಲ್ಲಿ ಸಂಘರಾಜರೇ ಆಜ್ಞೆ ಹೊರಡಿಸಿದ್ದರು.

ಸುಮೇಧೋ ಒಂದು ನಡುದಾರಿ ಹುಡುಕಿದರು. ಥಾಯ್ ಹಿರಿಯರ ಒಪ್ಪಿಗೆ ಪಡೆದು 1983ರಲ್ಲಿ ಹತ್ತು ಶೀಲದ ಹೊಸ ದೀಕ್ಷೆ ಕೊಟ್ಟರು. ಅವರಿಗೆ ಸೀಲಧರಾ ಅಂತ ಹೆಸರು. ಕಂದು ಚೀವರ, ಕೈಯಲ್ಲಿ ಪಾತ್ರೆ, ದುಡ್ಡು ಮುಟ್ಟಲ್ಲ. ಬದುಕೋದೆಲ್ಲ ಭಿಕ್ಷುಗಳ ಹಾಗೇ, ಆದರೆ ಸ್ಥಾನ ಭಿಕ್ಷುಣಿಯದಲ್ಲ. ಇಪ್ಪತ್ತೈದು ವರ್ಷ ಚೀವರ ತೊಟ್ಟ ಹಿರಿಯ ಮಹಿಳೆ ನಿನ್ನೆ ದೀಕ್ಷೆ ತಗೊಂಡ ಹುಡುಗನಿಗಿಂತ ಕೆಳಗೆ.

ಅಷ್ಟರಲ್ಲಿ ಬೇರೆ ಕಡೆ ಗಾಳಿ ಬದಲಾಗಿತ್ತು. 1996ರಲ್ಲಿ ನಮ್ಮ ಸಾರನಾಥದಲ್ಲಿ, 1998ರಲ್ಲಿ ಬೋಧಗಯಾದಲ್ಲಿ ಶ್ರೀಲಂಕಾದ ಮಹಿಳೆಯರು ಪೂರ್ವ ಏಷ್ಯಾದ ಭಿಕ್ಷುಣಿಯರ ನೆರವಿನಿಂದ ಪೂರ್ಣ ದೀಕ್ಷೆ ಪಡೆದರು. ‘ಪರಂಪರೆ ಕಡಿದಿಲ್ಲ, ಪೂರ್ವದ ಕಡೆ ಹರಿದು ಉಳಿದುಕೊಂಡಿದೆ’ ಅನ್ನೋದು ಅವರ ವಾದ.

2009ರಲ್ಲಿ ಎರಡು ಕಡೆ ಎರಡು ತೀರ್ಮಾನ ಆದವು. ಇಂಗ್ಲೆಂಡಿನಲ್ಲಿ ಸೀಲಧರಾಗಳ ಮುಂದೆ ಐದು ಅಂಶಗಳ ಒಪ್ಪಂದ ಇಟ್ಟರು: ಭಿಕ್ಷುಗಳೇ ಯಾವತ್ತೂ ಹಿರಿಯರು, ಭಿಕ್ಷುಣಿ ದೀಕ್ಷೆ ಇಲ್ಲಿ ಕೇಳೋ ಹಾಗಿಲ್ಲ. ನೊಂದು ಆಶ್ರಮ ಬಿಟ್ಟವರೂ ಇದ್ದಾರೆ. ಅತ್ತ ಪರ್ತ್‌ನಲ್ಲಿ, ಅಜಾನ್ ಬ್ರಹ್ಮ್ ಮುಖ್ಯಸ್ಥರಾಗಿದ್ದ ಬೋಧಿಞಾಣದಲ್ಲಿ, ಅಕ್ಟೋಬರ್ 22ರಂದು ನಾಲ್ವರು ಮಹಿಳೆಯರಿಗೆ ಪೂರ್ಣ ಭಿಕ್ಷುಣಿ ದೀಕ್ಷೆ ಆಯಿತು. ಅಜಾನ್ ಬ್ರಹ್ಮ್ ಲಂಡನ್‌ನವರು, ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರ ಓದಿದವರು, ಒಂಬತ್ತು ವರ್ಷ ಅಜಾನ್ ಚಾ ಅವರ ಕೈಕೆಳಗೆ ಪಳಗಿದವರು. ಹತ್ತೇ ದಿನದಲ್ಲಿ ಥಾಯ್ಲೆಂಡಿನ ಮೂಲ ಆಶ್ರಮ ಸಭೆ ಸೇರಿ ಅವರನ್ನ, ಅವರ ಆಶ್ರಮವನ್ನ ಶಾಖೆಗಳ ಪಟ್ಟಿಯಿಂದ ತೆಗೆದುಹಾಕಿತು.

ಎರಡೂ ಕಡೆಯವರ ಮಾತು ಕೇಳಿ. ಹಿರಿಯರು ಹೇಳೋದು: ಈ ಪರಂಪರೆ ಉಳಿದಿರೋದೇ ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ನಿಯಮ ತಿದ್ದದೇ ಇದ್ದದ್ದರಿಂದ. ಬದಲಾವಣೆ ಬೇಕಿದ್ದರೆ ಎಲ್ಲರೂ ಕೂತು ಒಪ್ಪಬೇಕು, ಹೇಳದೆ ಮಾಡೋದು ವಿಶ್ವಾಸಕ್ಕೆ ಪೆಟ್ಟು. ದೀಕ್ಷೆ ಕೊಟ್ಟವರು ಹೇಳೋದು: ಭಿಕ್ಷುಣಿ ಸಂಘ ಬುದ್ಧನೇ ಮಾಡಿದ್ದು. ಅದು ವಿನಯದಲ್ಲೇ ಇದೆ. ನಾವು ನಿಯಮ ಮುರಿದಿಲ್ಲ, 1928ರ ಒಂದು ಆಜ್ಞೆಗಿಂತ ಹಳೇ ನಿಯಮಕ್ಕೆ ಹಿಂದಿರುಗಿದ್ದೇವೆ.

ಗಮನಿಸಿದಿರಾ? ಇಬ್ಬರೂ ನಿಯಮದ ಹೆಸರಲ್ಲೇ ಮಾತಾಡ್ತಾ ಇದ್ದಾರೆ.

ನನಗೆ ಈ ಕಥೆಯಲ್ಲಿ ಕಾಣೋದು ಇಷ್ಟು. ಇಂಗ್ಲೆಂಡಿನ ಚಳಿಗೆ ಭಿಕ್ಷುಗಳು ಬೂಟು ಹಾಕಿಕೊಂಡರು, ಉಣ್ಣೆ ಟೋಪಿ ಹಾಕಿಕೊಂಡರು. ಅದಕ್ಕೆ ದೊಡ್ಡ ಜಗಳ ಆಗಲಿಲ್ಲ. ಅನ್ನ ಯಾರೂ ಹಾಕದಿದ್ದರೂ ಪಾತ್ರೆ ಬಿಡಲಿಲ್ಲ, ಅದು ಅವರನ್ನ ಜನರಿಗೆ ಹತ್ತಿರ ಮಾಡಿತು. ಹೆಣ್ಣುಮಕ್ಕಳ ವಿಷಯದಲ್ಲಿ ಬಿಗಿ ಹಿಡಿದರು, ಅದು ಅವರದೇ ಸಹೋದರಿಯರನ್ನ ದೂರ ಮಾಡಿತು. ಯಾವ ನಿಯಮ ನಮ್ಮನ್ನ ಇನ್ನೊಬ್ಬರ ಮುಂದೆ ಬಾಗಿಸುತ್ತೆ, ಯಾವುದು ಇನ್ನೊಬ್ಬರನ್ನ ನಮ್ಮ ಮುಂದೆ ಬಾಗಿಸುತ್ತೆ? ಎರಡಕ್ಕೂ ‘ಪರಂಪರೆ’ ಅಂತ ಒಂದೇ ಹೆಸರು ಇಟ್ಟಿದ್ದೇವೆ. ಅಳೆದು ನೋಡೋಕೆ ಈ ಪ್ರಶ್ನೆ ಸಾಕು ಅನ್ನಿಸುತ್ತೆ. ನಮ್ಮ ಮಠ, ಮಂದಿರ, ಮನೆತನದ ಪದ್ಧತಿಗಳಿಗೂ ಹಚ್ಚಿ ನೋಡಬಹುದು.

ಅಜಾನ್ ಚಾ 1992ರಲ್ಲಿ ತೀರಿಕೊಂಡರು. ಈ ಜಗಳ ಅವರು ನೋಡಲಿಲ್ಲ. ಪರ್ತ್‌ನಲ್ಲಿ ಭಿಕ್ಷುಣಿಯರ ಆಶ್ರಮ ನಡೀತಾ ಇದೆ. ಅಮರಾವತಿಯಲ್ಲಿ ಸೀಲಧರಾಗಳು ಇವತ್ತೂ ಇದ್ದಾರೆ. ಎರಡೂ ಕಡೆ ಊಟದ ಹೊತ್ತಿಗೆ ಯಾರೋ ಒಬ್ಬರು ಪಾತ್ರೆಗೆ ಅನ್ನ ಹಾಕ್ತಾರೆ.